ನೀಡಲ್ ಸ್ಕೇಲರ್ ವಿಮರ್ಶೆ: ಹಳೆಯ ವ್ಯಾಗನ್ನಿಗೆ ಸೈ, ಸ್ಟೇಷನ್ ಸಾಮಾನಿನಿಂದ ದೂರವಿಡಿ

ಹಳೆಯ ಗೂಡ್ಸ್ ವ್ಯಾಗನ್ ರಿಪೇರಿಗೆ ಕೈಹಾಕುವ ಸ್ವಯಂಸೇವಕರ ತಂಡಗಳು ಸ್ಪ್ಯಾನರ್ ಸೆಟ್ ಆದಮೇಲೆ ಕೊಳ್ಳುವ ಮೊದಲ ಯಂತ್ರ ಸಾಮಾನ್ಯವಾಗಿ ನೀಡಲ್ ಸ್ಕೇಲರ್. ನೀಡಲ್ ಗನ್ ಅಂದರೂ ಅದೇ. ಕಂಪ್ರೆಸರ್ ಗಾಳಿಯಿಂದ ಓಡುತ್ತದೆ, ಮೂತಿಯಲ್ಲಿ ಉಕ್ಕಿನ ಸೂಜಿಗಳ ಕಟ್ಟು ಇರುತ್ತದೆ, ತುಕ್ಕಿನ ಹಕ್ಕಳೆಯನ್ನು ಕುಟ್ಟಿ ಉದುರಿಸುತ್ತದೆ. ಇಲ್ಲಿ ನೋಡುತ್ತಿರುವುದು ಪಿಸ್ತೂಲಿನಂಥ ಹಿಡಿ, 3 ಮಿ.ಮೀ. ದಪ್ಪದ 19 ಸೂಜಿಗಳಿರುವ ಮಧ್ಯಮ ಗಾತ್ರದ ಮಾದರಿ. ಹೆಚ್ಚುಕಡಿಮೆ ಎಲ್ಲ ಕಂಪನಿಗಳೂ ಇದೇ ವಿನ್ಯಾಸವನ್ನು ಸಣ್ಣಪುಟ್ಟ ಬದಲಾವಣೆ ಮಾಡಿ ಮಾರುತ್ತವೆ. ಹಾಗಾಗಿ ಬ್ರ್ಯಾಂಡಿನ ಗೊಡವೆಗೆ ಹೋಗುವುದಿಲ್ಲ.

ತೀರ್ಪು ಮೊದಲೇ ಹೇಳಿಬಿಡೋಣ. ವ್ಯಾಗನ್ನಿನ ಅಂಡರ್‌ಫ್ರೇಮಿಗೆ, ಅಂದರೆ ತಳದ ಉಕ್ಕಿನ ಚೌಕಟ್ಟಿಗೆ, ಐದರಲ್ಲಿ ನಾಲ್ಕೂವರೆ. ಮೈಮೇಲಿನ ತೆಳು ತಗಡಿಗೆ ಎರಡು. ಸಿಗ್ನಲ್ ಲ್ಯಾಂಪು, ಟಿಕೆಟ್ಟಿಗೆ ತಾರೀಕು ಒತ್ತುವ ಯಂತ್ರ, ಟೋಕನ್ ಪೆಟ್ಟಿಗೆ (ಒಂಟಿ ಹಳಿಗೆ ರೈಲು ಬಿಡುವ ಅನುಮತಿಯ ಟೋಕನ್ ಕೊಡುವ ಯಂತ್ರ), ಗಡಿಯಾರ, ತೂಕದ ಯಂತ್ರ ಇತ್ಯಾದಿ ಸ್ಟೇಷನ್ ಸಾಮಾನಿಗೆ ಸೊನ್ನೆ. ತುಕ್ಕಿನ ಬಣ್ಣ ಎಲ್ಲ ಕಡೆ ಒಂದೇ ಆದರೂ ಅದರ ಕೆಳಗಿನ ಲೋಹದ ದಪ್ಪ, ಗುಣ, ಕೆಲಸ ಬೇರೆಬೇರೆ. ಹೊಸ ಯಂತ್ರ ಬಂದ ಉಮೇದಿನಲ್ಲಿ ಷೆಡ್ಡಿನಲ್ಲಿರುವ ತುಕ್ಕನ್ನೆಲ್ಲ ಅದರಿಂದಲೇ ಕುಟ್ಟಲು ಹೊರಟರೆ ಹಾಳಾಗುವುದು ಮತ್ತೆ ಸಿಗದ ವಸ್ತುಗಳೇ.

ಕೆಲಸ ಮಾಡುವ ಬಗೆ

ಒಳಗೊಂದು ಪಿಸ್ಟನ್ ಗಾಳಿಯ ಒತ್ತಡಕ್ಕೆ ಹಿಂದೆಮುಂದೆ ಓಡಾಡುತ್ತ ಅಡಿಗಲ್ಲಿನಂಥ ತುಂಡೊಂದಕ್ಕೆ ಹೊಡೆಯುತ್ತದೆ. ಆ ತುಂಡು ಸೂಜಿಗಳನ್ನು ಮುಂದಕ್ಕೆ ಚಿಮ್ಮಿಸುತ್ತದೆ. ನಿಮಿಷಕ್ಕೆ ಸಾವಿರಾರು ಹೊಡೆತ. ಇದರ ಜಾಣತನ ಇರುವುದು ಸೂಜಿಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಚಲಿಸುವುದರಲ್ಲಿ. ರಿವೆಟ್ಟಿನ ಗುಂಡು ತಲೆಯ ಮೇಲಿಟ್ಟರೆ ನಡುವಿನ ಸೂಜಿಗಳು ಹಿಂದೆ ಸರಿದು, ಅಂಚಿನವು ತಲೆಯ ಬುಡದವರೆಗೆ ಇಳಿಯುತ್ತವೆ. ತುಕ್ಕು ಮೊದಲು ಶುರುವಾಗುವುದೂ ಆ ಬುಡದಲ್ಲೇ. ಅಲ್ಲಿ ಗ್ರೈಂಡರಿನ ಡಿಸ್ಕ್ ಹೋಗುವುದಿಲ್ಲ, ಉಳಿ ಹೋದರೂ ತಲೆಯನ್ನು ಕೆತ್ತಿಬಿಡುತ್ತದೆ. ಹಳೆಯ ವ್ಯಾಗನ್ನೆಂದರೆ ಸಾಲು ಸಾಲು ರಿವೆಟ್. ಈ ಒಂದೇ ಕಾರಣಕ್ಕೆ ಇದು ಕೊಳ್ಳತಕ್ಕ ಯಂತ್ರ.

ಹಿಡಿಯುವ ರೀತಿ ಮುಖ್ಯ. ಮೇಲ್ಮೈಗೆ ಸುಮಾರು 45 ಡಿಗ್ರಿ ಓರೆ ಹಿಡಿದು, ಯಂತ್ರದ ತೂಕವಷ್ಟೇ ಬೀಳುವಂತೆ ನಿಧಾನ ಸರಿಸಬೇಕು. ಒತ್ತಿ ಹಿಡಿದರೆ ಸೂಜಿಗೆ ಓಡಾಡಲು ಜಾಗ ಉಳಿಯುವುದಿಲ್ಲ: ಸದ್ದು ದಪ್ಪವಾಗುತ್ತದೆ, ಕೆಲಸ ನಿಧಾನವಾಗುತ್ತದೆ, ಅದುರು ಪೂರ್ತಿ ಕೈಗೆ ಬರುತ್ತದೆ. ಒಂದೇ ಜಾಗದಲ್ಲಿ ನಿಲ್ಲಿಸಿದರೆ ತುಕ್ಕು ಉದುರುವ ಬದಲು ಕಬ್ಬಿಣದೊಳಕ್ಕೆ ಬಡಿದು ಕೂರುತ್ತದೆ. ಕಂದು ಹೊಳಪಿನ ನುಣುಪು ಮೇಲ್ಮೈ ಕಂಡರೆ ಅದು ಕಬ್ಬಿಣದ ಹೊಳಪಲ್ಲ, ಪಾಲಿಶ್ ಆದ ತುಕ್ಕು. ಬಣ್ಣ ಅದಕ್ಕೆ ಹಿಡಿಯುವುದಿಲ್ಲ. ಅಲ್ಲಿ ಕೈ ವೈರ್ ಬ್ರಷ್ಷಿನಿಂದ ಉಜ್ಜಿ, ಒರಟು ಎಮರಿಯಿಂದ ಗೀರಿ, ಮತ್ತೆ ನೋಡಬೇಕು.

ಗಾಳಿಯ ಲೆಕ್ಕ

ಅಂತರ್ಜಾಲದ ದೂರುಗಳಲ್ಲಿ ಅರ್ಧಕ್ಕರ್ಧ "ಯಂತ್ರಕ್ಕೆ ಶಕ್ತಿಯೇ ಇಲ್ಲ" ಅನ್ನುವುದು. ಬಹುಪಾಲು ಅದು ಯಂತ್ರದ ತಪ್ಪಲ್ಲ, ಕಂಪ್ರೆಸರಿನದು. ಈ ಗಾತ್ರದ ನೀಡಲ್ ಗನ್ ಓಡಲು 90 ಪಿಎಸ್‌ಐ, ಅಂದರೆ ಸುಮಾರು 6.2 ಬಾರ್ ಒತ್ತಡ ಬೇಕು. ಗಾಳಿ ನಿಮಿಷಕ್ಕೆ 5ರಿಂದ 8 ಘನ ಅಡಿ ಹಿಡಿಯಿರಿ. ಕಂಪ್ರೆಸರಿನ ಮೇಲಿನ ಚೀಟಿಯಲ್ಲಿ ದೊಡ್ಡದಾಗಿ ಬರೆದಿರುವುದು ಪಿಸ್ಟನ್ ತಳ್ಳುವ ಒಟ್ಟು ಪ್ರಮಾಣ. ನಿಜವಾಗಿ ಪೈಪಿನಿಂದ ಹೊರಬರುವುದು ಎಫ್‌ಎಡಿ (ಫ್ರೀ ಏರ್ ಡೆಲಿವರಿ) ಎಂದು ಬರೆದಿರುವ ಸಂಖ್ಯೆ, ಅದು ಮೊದಲಿನದರ ಮೂರರಲ್ಲಿ ಎರಡು ಪಾಲಿನ ಆಸುಪಾಸು. 14 ಎಂದು ಬರೆದ ಕಂಪ್ರೆಸರ್ 9–10 ಕೊಡುತ್ತದೆ. ಅಷ್ಟಿದ್ದರೆ ಸಾಕು. ಸಣ್ಣ ಬೆಲ್ಟಿಲ್ಲದ ಕಂಪ್ರೆಸರಿಗೆ ದೊಡ್ಡ ಟ್ಯಾಂಕ್ ಜೋಡಿಸಿದರೆ ಮೊದಲ ಎರಡು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ಅದೇ ಗೋಳು.

ಪೈಪಿನ ಒಳವ್ಯಾಸ 10 ಮಿ.ಮೀ. ಇರಲಿ. ಟೈರಿಗೆ ಗಾಳಿ ಹಾಕುವ 6 ಮಿ.ಮೀ. ಸುರುಳಿ ಪೈಪಿನಲ್ಲಿ ಒತ್ತಡ ಅರ್ಧ ದಾರಿಯಲ್ಲೇ ಕುಸಿದುಹೋಗುತ್ತದೆ. ಮೀಟರು 90 ತೋರಿಸುವುದು ಟ್ಯಾಂಕಿನ ಬಳಿ. ಗನ್ ಓಡುತ್ತಿರುವಾಗ ಅದರ ಬಾಯಲ್ಲಿ ಎಷ್ಟಿದೆ ಎಂದು ಅಲ್ಲೇ ಒಂದು ಮೀಟರ್ ಕೂರಿಸಿ ನೋಡಿದರೆ ಗೊತ್ತಾಗುತ್ತದೆ. ಟ್ಯಾಂಕಿನ ತಳದ ನೀರನ್ನು ದಿನವೂ ಬಿಡಬೇಕು. ನೀರು ಗನ್ನಿನೊಳಗೆ ಹೋದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ತಂಪು ಹವೆಯಲ್ಲಿ ಗಾಳಿ ಹೊರಬಿಡುವ ರಂಧ್ರದಲ್ಲಿ ಮಂಜೂ ಕಟ್ಟುತ್ತದೆ. ಕೆಲಸ ಶುರುವಿಗೆ ಮೊದಲು ಗಾಳಿ ಬಾಯಿಗೆ ಏರ್‌ಟೂಲ್ ಎಣ್ಣೆ ನಾಲ್ಕೈದು ಹನಿ. ಎಂಜಿನ್ ಆಯಿಲ್ ಹಾಕಬೇಡಿ, ಅಂಟು ಕಟ್ಟುತ್ತದೆ.

ಕೈ, ಕಿವಿ, ಶ್ವಾಸಕೋಶ

ಐದರಲ್ಲಿ ಕಳೆದ ಆ ಅರ್ಧ ಅಂಕ ಅದುರಿನದ್ದು. ಕೊಳ್ಳುವಾಗ ಕಡ್ಡಾಯವಾಗಿ ಕೇಳಬೇಕಾದ ಸಂಖ್ಯೆ ಕೈಗೆ ಬರುವ ಕಂಪನದ ಪ್ರಮಾಣ, ಮೀಟರ್ ಪ್ರತಿ ಸೆಕೆಂಡ್ ವರ್ಗದ ಲೆಕ್ಕದಲ್ಲಿ. ಯೂರೋಪಿನ 2002ರ ಕಂಪನ ನಿರ್ದೇಶನದಲ್ಲಿ ಎಂಟು ಗಂಟೆಯ ಸರಾಸರಿಗೆ ಎರಡು ಗೆರೆಗಳಿವೆ: 2.5 ದಾಟಿದರೆ ಕ್ರಮ ಕೈಗೊಳ್ಳಬೇಕು, 5 ದಾಟಲೇಬಾರದು. ಲೆಕ್ಕ ಸುಲಭ. ಗೆರೆಯ ಸಂಖ್ಯೆಯನ್ನು ಯಂತ್ರದ ಸಂಖ್ಯೆಯಿಂದ ಭಾಗಿಸಿ, ವರ್ಗ ಮಾಡಿ, ಎಂಟು ಗಂಟೆಯಿಂದ ಗುಣಿಸಿ. ಯಂತ್ರದ ಕಂಪನ 10 ಆದರೆ ಮೊದಲ ಗೆರೆಗೆ ಅರ್ಧ ಗಂಟೆ, ಎರಡನೆಯದಕ್ಕೆ ಎರಡು ಗಂಟೆ. ಕಂಪನ 20 ಇದ್ದರೆ ಏಳೂವರೆ ನಿಮಿಷ ಮತ್ತು ಅರ್ಧ ಗಂಟೆ. ಕಂಪನ ತಗ್ಗಿಸಿದ ಮಾದರಿಯಲ್ಲಿ 5 ಇದ್ದರೆ ಮೊದಲ ಗೆರೆಗೇ ಎರಡು ಗಂಟೆ ಸಿಗುತ್ತದೆ. ದುಬಾರಿ ಮಾದರಿಗೂ ಅಗ್ಗದ ಮಾದರಿಗೂ ಮುಖ್ಯ ವ್ಯತ್ಯಾಸ ಇರುವುದು ಇಲ್ಲೇ. ತುಕ್ಕು ಉದುರಿಸುವುದರಲ್ಲಿ ಎರಡೂ ಸರಿಸುಮಾರು ಒಂದೇ. ಹಣ ಹೆಚ್ಚು ಕೊಡುವುದಿದ್ದರೆ ಇದಕ್ಕೇ ಕೊಡಿ.

ಬೆರಳ ತುದಿ ಬಿಳಚಿಕೊಳ್ಳುವುದು, ಜುಮುಗುಡುವುದು, ರಾತ್ರಿ ಕೈ ಮರಗಟ್ಟುವುದು ಕಂಡರೆ ಆ ವ್ಯಕ್ತಿಯ ಕೈಯಿಂದ ಯಂತ್ರ ತೆಗೆದುಕೊಳ್ಳಬೇಕು. ನರಕ್ಕಾದ ಹಾನಿ ವಾಪಸ್ಸು ಹೋಗುವುದಿಲ್ಲ. ತಂಡದಲ್ಲಿ ಸರದಿ ಇಟ್ಟು, ಹಾಳೆಯ ಮೇಲೆ ನಿಮಿಷ ಬರೆದಿಡುವುದು ತಮಾಷೆಯಾಗಿ ಕಂಡರೂ ಅದೇ ಸರಿಯಾದ ಪದ್ಧತಿ. "ಅದುರು ತಡೆಯುವ" ಕೈಗವಸನ್ನು ನಂಬಿ ಸಮಯ ಹೆಚ್ಚಿಸಬೇಡಿ. ಅದರಿಂದ ಕೈ ಬೆಚ್ಚಗಿರುತ್ತದೆ, ಅಷ್ಟೇ ಲಾಭ.

ಸದ್ದು 100 ಡೆಸಿಬೆಲ್ ದಾಟುತ್ತದೆ. ತಗಡಿನ ಪೆಟ್ಟಿಗೆ ವ್ಯಾಗನ್ನಿನ ಒಳಗೆ ಇನ್ನೂ ಜಾಸ್ತಿ. ಕಿವಿಗೆ ಪ್ಲಗ್, ಅದರ ಮೇಲೆ ಮಫ್, ಎರಡೂ ಬೇಕು.

ಸೀಸದ ವಿಚಾರ ಇನ್ನೂ ಗಂಭೀರ. 1970ರ ದಶಕಕ್ಕೂ ಹಿಂದೆ ಬಳಿದ ಬಣ್ಣದಲ್ಲಿ ಸೀಸ ಇದೆ ಎಂದೇ ಇಟ್ಟುಕೊಳ್ಳಿ. ಕೆಳಪದರದ ಕಿತ್ತಳೆ ಬಣ್ಣದ ಪ್ರೈಮರ್ ಬಹುತೇಕ ಕೆಂಪು ಸೀಸ. ನೀಡಲ್ ಗನ್ ಬಣ್ಣವನ್ನು ಹಕ್ಕಳೆಯಾಗಿ ಉದುರಿಸುವಷ್ಟೇ ಪುಡಿಯನ್ನೂ ಎಬ್ಬಿಸುತ್ತದೆ. ಪಿ3 ದರ್ಜೆಯ ಫಿಲ್ಟರಿರುವ ಮುಖವಾಡ ಬೇಕು, ಬಟ್ಟೆಯ ಮಾಸ್ಕ್ ಸಾಲದು. ಮೂತಿಯ ಸುತ್ತ ಕೂರಿಸುವ ರಬ್ಬರ್ ಕವಚ ಮತ್ತು ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಸಿಗುತ್ತವೆ. ಷೆಡ್ಡಿನೊಳಗೆ ಕೆಲಸವಾದರೆ ಅವನ್ನು ಖರ್ಚೆಂದು ನೋಡಬೇಡಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಸಂಜೆ ಗುಡಿಸದೆ ನೀರು ಚಿಮುಕಿಸಿ ಒಟ್ಟುಮಾಡಿ ಚೀಲಕ್ಕೆ ತುಂಬಿ. ಕೈ ಮುಖ ತೊಳೆಯದೆ ತಿನ್ನುವಂತಿಲ್ಲ, ಕೆಲಸದ ಬಟ್ಟೆಯಲ್ಲಿ ಮನೆಗೆ ಹೋಗುವಂತಿಲ್ಲ, ಮಕ್ಕಳನ್ನು ಆ ಜಾಗಕ್ಕೆ ಬಿಡುವಂತಿಲ್ಲ.

ಅಂಡರ್‌ಫ್ರೇಮಿನ ಮೇಲೆ

ಸೋಲ್‌ಬಾರ್ (ಪಕ್ಕದ ಉದ್ದ ತೊಲೆ), ಹೆಡ್‌ಸ್ಟಾಕ್ (ತುದಿಯ ಅಡ್ಡ ತೊಲೆ), ನಡುವಿನ ಅಡ್ಡ ತೊಲೆಗಳು, ಬಫರ್ ಬುಡ ಎಲ್ಲ ದಪ್ಪ ಉಕ್ಕು. ಇಲ್ಲಿ ನೀಡಲ್ ಗನ್ ರಾಜ. ಆದರೆ ಕುಟ್ಟುವ ಮುಂಚೆ ಎರಡು ಕೆಲಸ. ಮೊದಲನೆಯದು ದಾಖಲೆ: ಸೋಲ್‌ಬಾರಿನ ಮೇಲೆ ಹೊಡೆದ ಅಂಕಿಗಳು, ಆಕ್ಸಲ್ ಬಾಕ್ಸ್ ಮುಚ್ಚಳದ ಮೇಲಿನ ಎರಕದ ಅಕ್ಷರ, ಬಣ್ಣದ ಪದರಗಳಡಿ ಅಡಗಿರುವ ಹಳೆಯ ನಂಬರು ಮತ್ತು ಖಾಲಿ ತೂಕದ ಬರಹ. ಓರೆ ಬೆಳಕು ಬಿಟ್ಟು ಫೋಟೋ ತೆಗೆಯಿರಿ, ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯಿರಿ. ಬಣ್ಣದ ಬರಹವಿದ್ದರೆ ನುಣುಪು ನೀರುಕಾಗದದಿಂದ ಪದರ ಪದರವಾಗಿ, ಒದ್ದೆಯಾಗಿಯೇ ತೇಯ್ದು ನೋಡಿ. ಎಷ್ಟೋ ಕಡೆ ವ್ಯಾಗನ್ನಿನ ಮೂಲ ಬಣ್ಣಕ್ಕೆ ಉಳಿದಿರುವ ಏಕೈಕ ಸಾಕ್ಷಿ ಒಂದು ಅಂಗೈ ಅಗಲದ ಬಣ್ಣ. ಎರಡನೆಯದು ಆಕ್ಸಲ್ ಬಾಕ್ಸಿನ ರಕ್ಷಣೆ. ಹಳೆಯ ವ್ಯಾಗನ್ನುಗಳಲ್ಲಿ ರೋಲರ್ ಬೇರಿಂಗ್ ಇರುವುದಿಲ್ಲ, ಬಿಳಿಲೋಹ (ತವರ ಅಥವಾ ಸೀಸದ ಮಿಶ್ರಲೋಹ) ಹಚ್ಚಿದ ಹಿತ್ತಾಳೆಯದೋ ಕಂಚಿನದೋ ಬೇರಿಂಗ್ ಆಕ್ಸಲ್ಲಿನ ತುದಿಯ ಮೇಲೆ ಕೂತಿರುತ್ತದೆ, ಕೆಳಗಿನಿಂದ ಪ್ಯಾಡು ಎಣ್ಣೆ ಹಚ್ಚುತ್ತದೆ. ಉದುರಿದ ತುಕ್ಕಿನ ಪುಡಿ ಅಲ್ಲಿಗೆ ಸೇರಿದರೆ ಮೆದು ಬಿಳಿಲೋಹದಲ್ಲಿ ಹುದುಗಿಕೊಂಡು ಆಕ್ಸಲ್ಲಿನ ನುಣುಪು ಭಾಗವನ್ನು ಗೀರುತ್ತದೆ. ವ್ಯಾಗನ್ ಓಡಿದ ಮೊದಲ ದಿನವೇ ಪೆಟ್ಟಿಗೆ ಕಾದು ಹೊಗೆಯಾಡುತ್ತದೆ. ಮುಂದಿನ ಮುಚ್ಚಳ, ಹಿಂದಿನ ಧೂಳು ತಡೆಯ ಸಂದು ಎರಡಕ್ಕೂ ಬಟ್ಟೆ ತುರುಕಿ ಟೇಪ್ ಸುತ್ತಿ. ಕುಟ್ಟುವ ಕೆಲಸ ಮುಗಿದ ಮೇಲೆ ಎಣ್ಣೆ ಖಾಲಿ ಮಾಡಿ, ಪ್ಯಾಡು ತೆಗೆದು ನೋಡಿ, ಹೊಸ ಎಣ್ಣೆ ಹಾಕಿ.

ಆಕ್ಸಲ್ ಮತ್ತು ಚಕ್ರಗಳನ್ನು ನೀಡಲ್ ಗನ್ನಿನಿಂದ ಮುಟ್ಟಲೇಬಾರದು. ಆಕ್ಸಲ್ಲಿನ ಮೇಲೆ ಬಿದ್ದ ಸಣ್ಣ ಕುಳಿಯೂ ಬಿರುಕು ಹುಟ್ಟುವ ಜಾಗವಾಗಬಲ್ಲದು. ಅದನ್ನು ಕೈ ಬ್ರಷ್ಷಿನಿಂದ ಸ್ವಚ್ಛ ಮಾಡಿ, ಅರ್ಹತೆ ಇರುವವರಿಂದ ಅಲ್ಟ್ರಾಸಾನಿಕ್ ಪರೀಕ್ಷೆ ಮಾಡಿಸಬೇಕು. ವ್ಯಾಕ್ಯೂಮ್ ಬ್ರೇಕಿನ ಸಿಲಿಂಡರಿನ ಒಳಮೈಗೂ ಇದೇ ಮಾತು. ಅಲ್ಲಿ ಪಿಸ್ಟನ್ನಿನ ರಬ್ಬರ್ ಉಂಗುರ ಉರುಳುತ್ತ ಏರಿಳಿಯುತ್ತದೆ, ಗೋಡೆ ಒರಟಾದರೆ ಗಾಳಿ ಸೋರಿ ಬ್ರೇಕ್ ನಿಲ್ಲುವುದಿಲ್ಲ.

ನೀಡಲ್ ಗನ್ ಸೋಲುವ ಜಾಗವೂ ಅಂಡರ್‌ಫ್ರೇಮಿನಲ್ಲೇ ಇದೆ: ರಿವೆಟ್ ಮಾಡಿದ ಎರಡು ತಗಡುಗಳ ನಡುವಿನ ಸಂದು. ತುಕ್ಕು ತಾನು ತಿಂದ ಕಬ್ಬಿಣದ ಹಲವು ಪಟ್ಟು ಜಾಗ ಹಿಡಿಯುತ್ತದೆ. ಆಕ್ಸಲ್ ಗಾರ್ಡಿಗೂ (ಆಕ್ಸಲ್ ಬಾಕ್ಸನ್ನು ಹಿಡಿದಿರುವ ಪ್ಲೇಟು) ಸೋಲ್‌ಬಾರಿಗೂ ನಡುವೆ ನೀರು ಇಳಿದು ತುಕ್ಕು ಕಟ್ಟಿಕೊಂಡರೆ ದಪ್ಪ ಪ್ಲೇಟನ್ನೇ ರಿವೆಟ್ಟುಗಳ ನಡುವೆ ಉಬ್ಬಿಸುತ್ತದೆ, ಕೊನೆಗೆ ರಿವೆಟ್ಟಿನ ತಲೆಯನ್ನೇ ಹಾರಿಸುತ್ತದೆ. ಸೂಜಿ ಒಳಗೆ ಹೋಗುವುದಿಲ್ಲ, ಹೊರಗಿನಿಂದ ಎಷ್ಟು ಕುಟ್ಟಿದರೂ ಪ್ರಯೋಜನವಿಲ್ಲ. ಉಬ್ಬು ಕಣ್ಣಿಗೆ ಕಾಣುವಷ್ಟಿದ್ದರೆ ರಿವೆಟ್ ತೆಗೆದು, ಎರಡೂ ಮುಖ ಸ್ವಚ್ಛಮಾಡಿ, ಪ್ರೈಮರ್ ಹಚ್ಚಿ, ಹೊಸ ರಿವೆಟ್ಟನ್ನೋ ಬಿಗಿಯಾಗಿ ಕೂರುವ ಬೋಲ್ಟನ್ನೋ ಹಾಕಬೇಕು. ಉಬ್ಬಿಲ್ಲದಿದ್ದರೆ ಸಂದಿನ ಮೇಲಂಚು ಮತ್ತು ಪಕ್ಕಗಳನ್ನು ಸೀಲಂಟಿನಿಂದ ಮುಚ್ಚಿ, ಕೆಳಅಂಚು ಮಾತ್ರ ತೆರೆದಿಡಿ. ನಾಲ್ಕೂ ಕಡೆ ಮುಚ್ಚಿದರೆ ಒಳಗಿರುವ ನೀರಿಗೆ ದಾರಿಯೇ ಇರುವುದಿಲ್ಲ.

ಕುಟ್ಟುವಾಗ ತೂತು ಬಿದ್ದರೆ ಯಂತ್ರವನ್ನು ಬೈಯಬೇಡಿ. ಆ ತೂತು ಮೊದಲೇ ಇತ್ತು, ತುಕ್ಕು ಮತ್ತು ಬಣ್ಣ ಅದನ್ನು ಮುಚ್ಚಿದ್ದವು. ಅನುಮಾನವಿರುವ ಕಡೆ ಅಲ್ಟ್ರಾಸಾನಿಕ್ ದಪ್ಪಮಾಪಕದಿಂದ ಅಳೆದು, ಅದೇ ತೊಲೆಯ ಒಳ್ಳೆಯ ಭಾಗದ ಅಳತೆಯೊಂದಿಗೆ ಹೋಲಿಸಿ.

ತೆಳು ತಗಡಿನ ಕತೆ ಬೇರೆ. ಬಾಗಿಲ ತಗಡು, ಮೂಲೆ ಪಟ್ಟಿ, ಛಾವಣಿ ಇವೆಲ್ಲ 3 ಮಿ.ಮೀ.ಗಿಂತ ತೆಳುವಾಗಿದ್ದರೆ ಸೂಜಿಯ ಪೆಟ್ಟಿಗೆ ಹಿಗ್ಗಿ ಹೊಟ್ಟೆಬಿಡುತ್ತವೆ. 2 ಮಿ.ಮೀ.ನ ಸಣ್ಣ ಸೂಜಿ ಹಾಕಿ, ಒತ್ತಡ ತಗ್ಗಿಸಿದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಅಲ್ಲಿ ಕೆರೆಯುವ ಬ್ಲೇಡು ಮತ್ತು ಬಣ್ಣ ತೆಗೆಯುವ ಪೇಸ್ಟೇ ವಾಸಿ. ಮರದ ಹಲಗೆಗೆ ಬಿಗಿದ ಕಬ್ಬಿಣದ ಪಟ್ಟಿಗಳನ್ನು ಬಿಚ್ಚಿ ಬೆಂಚಿನ ಮೇಲಿಟ್ಟೇ ಕುಟ್ಟಿ. ಜಾಗದಲ್ಲೇ ಕುಟ್ಟಿದರೆ ಹಲಗೆ ಜಜ್ಜಿಹೋಗುತ್ತದೆ, ಪಟ್ಟಿಯ ಹಿಂದಿನ ತುಕ್ಕು ಹಾಗೇ ಉಳಿಯುತ್ತದೆ.

ಬಿಚ್ಚುವಾಗ ಒಂದು ಎಚ್ಚರ. ಬ್ರಿಟಿಷ್ ಮೂಲದ ವ್ಯಾಗನ್ನುಗಳ ಬೋಲ್ಟುಗಳು 1841ರಲ್ಲಿ ಇಂಗ್ಲಿಷ್ ಎಂಜಿನಿಯರ್ ಜೋಸೆಫ್ ವಿಟ್‌ವರ್ಥ್ ಮುಂದಿಟ್ಟ ಅಳತೆಯವು, ಮರೆಯ (ತಿರುಪಿನ ಗೆರೆಯ) ಕೋನ 55 ಡಿಗ್ರಿ. ಅರ್ಧ ಇಂಚಿನ ವಿಟ್‌ವರ್ಥಿನಲ್ಲಿ ಇಂಚಿಗೆ 12 ಮರೆ, ಅಮೆರಿಕನ್ ಯುಎನ್‌ಸಿ ಅಳತೆಯಲ್ಲಿ 13. ಒಂದರ ನಟ್ಟನ್ನು ಇನ್ನೊಂದರ ಬೋಲ್ಟಿಗೆ ಹಾಕಿದರೆ ಒಂದೆರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಅಲ್ಲಿ ಜೋರು ಹಾಕಿದರೆ ಎರಡೂ ಹಾಳು. ಮರೆಯ ಮೇಲೆ ನೀಡಲ್ ಗನ್ ಆಡಿಸಿದರಂತೂ ತುದಿಗಳು ಚಪ್ಪಟೆಯಾಗಿ ಯಾವ ನಟ್ಟೂ ಕೂರುವುದಿಲ್ಲ.

ಕುಟ್ಟಿದ ಮೇಲಿನ ಬಣ್ಣ

ಯಂತ್ರ ಎಷ್ಟೇ ಒಳ್ಳೆಯದಿರಲಿ, ಅದು ಮುಟ್ಟಿಸಬಲ್ಲ ಸ್ವಚ್ಛತೆಗೆ ಮಿತಿ ಇದೆ. ಐಎಸ್‌ಒ 8501-1 ಮಾನಕದ ಪ್ರಕಾರ ಕೈ ಮತ್ತು ಯಂತ್ರೋಪಕರಣದ ಸ್ವಚ್ಛತೆಗೆ ಎಸ್‌ಟಿ 2, ಎಸ್‌ಟಿ 3 ದರ್ಜೆಗಳು. ಬ್ಲಾಸ್ಟಿಂಗ್‌ಗೆ, ಅಂದರೆ ಗಾಳಿಯ ರಭಸದಲ್ಲಿ ಹರಳು ಚಿಮ್ಮಿಸಿ ಸ್ವಚ್ಛಮಾಡುವುದಕ್ಕೆ, ಎಸ್‌ಎ ದರ್ಜೆಗಳು. ನೀಡಲ್ ಗನ್ ಹೆಚ್ಚೆಂದರೆ ಎಸ್‌ಟಿ 3. ಕುಳಿಗಳ ತಳದಲ್ಲಿ ಸ್ವಲ್ಪ ಗಟ್ಟಿ ತುಕ್ಕು ಉಳಿದೇ ಉಳಿಯುತ್ತದೆ. ಇದನ್ನರಿಯದೆ "ಅತ್ಯುತ್ತಮ" ಎಂದು ಸತುವು ತುಂಬಿದ ಪ್ರೈಮರ್ ತಂದು ಬಳಿಯುವವರಿದ್ದಾರೆ. ಆ ಪ್ರೈಮರಿಗೆ ಎಸ್‌ಎ 2½ ದರ್ಜೆಯ ಬರಿ ಲೋಹ ಬೇಕು. ಸತುವು ಕಬ್ಬಿಣಕ್ಕೆ ನೇರ ತಾಗಿದರೆ ಮಾತ್ರ ಅದರ ರಕ್ಷಣೆ. ತುಕ್ಕಿನ ಮೇಲೆ ಹಚ್ಚಿದರೆ ಪದರವಾಗಿ ಏಳುತ್ತದೆ. ಎಸ್‌ಟಿ 3 ಮೇಲ್ಮೈಗೆ ಸರಿಹೊಂದುವುದು ಜಿಂಕ್ ಫಾಸ್ಫೇಟ್ ಆಲ್ಕಿಡ್ ಪ್ರೈಮರ್, ಅಥವಾ ಮೇಲ್ಮೈಯ ಕೊರತೆ ಸಹಿಸುವ ಎಪಾಕ್ಸಿ ಮ್ಯಾಸ್ಟಿಕ್. ಡಬ್ಬಿಯ ಮಾಹಿತಿ ಪತ್ರದಲ್ಲಿ ಯಾವ ದರ್ಜೆ ಬೇಕೆಂದು ಬರೆದಿರುತ್ತದೆ, ಅದನ್ನು ಓದಿ ಕೊಳ್ಳಿ.

ಸ್ವಚ್ಛಮಾಡಿದ ಕಬ್ಬಿಣಕ್ಕೆ ಅದೇ ದಿನ ಪ್ರೈಮರ್ ಬೀಳಬೇಕು. ಹವೆಯ ತೇವಾಂಶ ಶೇ. 85ರ ಕೆಳಗಿರಬೇಕು, ಕಬ್ಬಿಣದ ಬಿಸಿ ಇಬ್ಬನಿ ಕಟ್ಟುವ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಬೆಳಗ್ಗೆ ಹೊರಗಡೆ ಬೆಚ್ಚಗಾಗಿದ್ದರೂ ರಾತ್ರಿಯೆಲ್ಲ ತಣ್ಣಗಾದ ಭಾರದ ತೊಲೆ ಇನ್ನೂ ತಣ್ಣಗೇ ಇರುತ್ತದೆ, ಕಣ್ಣಿಗೆ ಕಾಣದ ತೇವ ಅದರ ಮೇಲಿರುತ್ತದೆ. ಮೊದಲು ಅಂಚು, ಮೂಲೆ, ರಿವೆಟ್ ತಲೆಗಳಿಗಷ್ಟೇ ಬ್ರಷ್ಷಿನಿಂದ ಒಂದು ಪದರ. ದ್ರವ ಬಣ್ಣ ಚೂಪಾದ ಅಂಚಿನಿಂದ ಸರಿದು ತೆಳ್ಳಗಾಗುವುದರಿಂದ ಇದು ಬೇಕು. ಆಮೇಲೆ ಪೂರ್ತಿ ಎರಡು ಪದರ. ಬಣ್ಣದಲ್ಲಿ ಘನಭಾಗ ಶೇ. 50 ಇದ್ದು, ಒಣಗಿದ ಪದರ 40 ಮೈಕ್ರಾನ್ ಬೇಕಾದರೆ ಹಸಿಯಾಗಿ 80 ಮೈಕ್ರಾನ್ ಹಚ್ಚಬೇಕು, ಲೀಟರಿಗೆ ಲೆಕ್ಕದ ಪ್ರಕಾರ 12.5 ಚದರ ಮೀಟರ್. ಕುಳಿಬಿದ್ದ ಹಳೆಯ ಕಬ್ಬಿಣದಲ್ಲಿ ಅಷ್ಟು ಬಾರದು. ಮೂರರಲ್ಲಿ ಒಂದು ಪಾಲು ಹೆಚ್ಚಿಗೆ ತಂದಿಟ್ಟುಕೊಳ್ಳಿ.

ತುಕ್ಕನ್ನು ಕಪ್ಪು ಮಾಡುವ ಕನ್ವರ್ಟರ್ ದ್ರವಗಳ ಬಗ್ಗೆ ಎರಡು ಮಾತು ಸಾಕು. ಟ್ಯಾನಿಕ್ ಆಮ್ಲದ್ದು ತುಕ್ಕನ್ನು ಕಬ್ಬಿಣದ ಟ್ಯಾನೇಟ್ ಮಾಡುತ್ತದೆ, ಫಾಸ್ಫಾರಿಕ್ ಆಮ್ಲದ್ದು ಫಾಸ್ಫೇಟ್ ಮಾಡುತ್ತದೆ. ಕುಟ್ಟಿದ ಮೇಲೆ ಉಳಿದ ತೆಳು ಗಟ್ಟಿ ತುಕ್ಕಿಗೆ ಸರಿ, ಹಕ್ಕಳೆಯ ಮೇಲೆ ಹಚ್ಚಿದರೆ ಮೇಲ್ಪದರ ಮಾತ್ರ ಕಪ್ಪಾಗುತ್ತದೆ. ರಿವೆಟ್ ಸಂದುಗಳಿಗೆ ಫಾಸ್ಫಾರಿಕ್ ಬೇಡ, ಒಳಗೆ ಸಿಕ್ಕಿಕೊಂಡ ಆಮ್ಲವನ್ನು ತೊಳೆಯಲಾಗುವುದಿಲ್ಲ.

ಸ್ಟೇಷನ್ ಸಾಮಾನಿಗೆ ಯಾಕೆ ಸೊನ್ನೆ

ಒಂದು ಸಿಗ್ನಲ್ ಲ್ಯಾಂಪು ಎತ್ತಿಕೊಳ್ಳಿ. ಹೊರಮೈ ತೆಳು ತಗಡು, ಜೋಡಣೆ ಎಲ್ಲ ಸೀಸ-ತವರದ ಬೆಸುಗೆ, ಒಳಗೆ ಹಿತ್ತಾಳೆಯ ಬರ್ನರ್, ಮುಂದೆ ಉಬ್ಬುಗಾಜು, ಅದನ್ನು ಹಿಡಿದಿರುವುದು ಮಡಚಿದ ಸಣ್ಣ ತಗಡಿನ ನಾಲಿಗೆಗಳು. ನೀಡಲ್ ಗನ್ ತಾಗಿದರೆ ತಗಡು ಜರಡಿ. ಹೀಟ್ ಗನ್ನಿನಿಂದ ಬಣ್ಣ ತೆಗೆಯೋಣವೆಂದರೆ ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತದೆ, ಬಣ್ಣ ಮೆದುವಾಗುವ ಹೊತ್ತಿಗೆ ಲ್ಯಾಂಪು ಬಿಡಿಭಾಗಗಳಾಗಿರುತ್ತದೆ. ಇಲ್ಲಿ ಬಳಸಬೇಕಾದದ್ದು ಆಮ್ಲವಿಲ್ಲದ, ಕೀಲೇಟ್ ಬಗೆಯ (ತುಕ್ಕಿನಲ್ಲಿರುವ ಕಬ್ಬಿಣವನ್ನು ಹಿಡಿದು ಕರಗಿಸುವ) ತುಕ್ಕು ದ್ರಾವಣ. ನಿಧಾನದ್ದು, ಆದರೆ ಒಳ್ಳೆಯ ಕಬ್ಬಿಣವನ್ನು ತಿನ್ನುವುದಿಲ್ಲ. ಗಾಜು, ಬರ್ನರ್ ಬಿಚ್ಚಿ, ಜಿಡ್ಡು ತೊಳೆದು, ಪೂರ್ತಿ ಮುಳುಗಿಸಿ, ಕೋಣೆಯ ಬೆಚ್ಚನೆಯಲ್ಲಿ ಒಂದು ದಿನ ಬಿಡಿ. ಅರ್ಧ ಮುಳುಗಿಸಿದರೆ ದ್ರವದ ಮಟ್ಟದಲ್ಲಿ ಅಳಿಸಲಾಗದ ಗೆರೆ ಬೀಳುತ್ತದೆ. ತೆಗೆದು ತೊಳೆದ ಕೂಡಲೇ ಒಣಗಿಸಿ ಎಣ್ಣೆ ಒರೆಸದಿದ್ದರೆ ನೋಡನೋಡುತ್ತಲೇ ಹೊಸ ತುಕ್ಕು ಹತ್ತುತ್ತದೆ.

ಆ ದ್ರವಕ್ಕೂ ಒಂದು ಕೆಟ್ಟ ಗುಣವಿದೆ. ಅದಕ್ಕೆ ಕಬ್ಬಿಣದ ಆಕ್ಸೈಡ್ ಎಲ್ಲವೂ ಒಂದೇ. ರೆಡ್ ಆಕ್ಸೈಡ್ ಬಣ್ಣವನ್ನೂ, ಗಡಿಯಾರದ ಮುಳ್ಳು ಮತ್ತು ಸ್ಕ್ರೂಗಳಿಗೆ ಕಾಯಿಸಿ ತಂದ ನೀಲಿ ಬಣ್ಣವನ್ನೂ ಅದು ತುಕ್ಕೆಂದೇ ತಿಳಿದು ತೆಗೆದುಹಾಕುತ್ತದೆ.

ಬರ್ನರಿನಂಥ ಹಿತ್ತಾಳೆ ಭಾಗಗಳಿಗೆ ಅಮೋನಿಯಾ ಇರುವ ಪಾಲಿಶ್ ಬೇಡ. ಅಚ್ಚಿಗೆ ಒತ್ತಿ ಮಾಡಿದ ಹಿತ್ತಾಳೆಯಲ್ಲಿ ಒಳಬಿಗಿತ ಉಳಿದಿರುತ್ತದೆ, ಅಮೋನಿಯಾ ತಾಗಿದರೆ ಅದು ಬಿರುಕು ಬಿಡುತ್ತದೆ. ಲ್ಯಾಂಪಿಗೆ ಸೀಮೆಎಣ್ಣೆ ಬದಲು ಎಲ್‌ಇಡಿ ಹಾಕುವವರು ಬೆಚ್ಚನೆಯ ಹಳದಿ ಬೆಳಕಿನದನ್ನೇ ಆರಿಸಿ. ಹಳೆಯ ಸಿಗ್ನಲ್ಲಿನ ಹಸಿರು ಗಾಜು ನೀಲಿಗೆ ತಿರುಗಿದ ಬಣ್ಣದ್ದು, ಎಣ್ಣೆ ದೀಪದ ಹಳದಿ ಸೇರಿದರೆ ಮಾತ್ರ ಹಸಿರಾಗಿ ಕಾಣುತ್ತದೆ. ಬಿಳಿ ಎಲ್‌ಇಡಿ ಹಾಕಿದರೆ ಸಿಗ್ನಲ್ ನೀಲಿ.

ಟಿಕೆಟ್ ಯಂತ್ರ ಒಳಗೆ ಇನ್ನೂ ನಾಜೂಕು. ಇಂಗ್ಲೆಂಡಿನ ಸ್ಟೇಷನ್ ಮಾಸ್ಟರ್ ಥಾಮಸ್ ಎಡ್ಮಂಡ್‌ಸನ್ 19ನೇ ಶತಮಾನದಲ್ಲಿ ರೂಢಿಗೆ ತಂದ ರಟ್ಟಿನ ಟಿಕೆಟ್ ಸುಮಾರು 57 × 31 ಮಿ.ಮೀ. ಅದು ಸರಿದು ಹೋಗುವ ದಾರಿಯಲ್ಲಿ ಕೂದಲೆಳೆಯಷ್ಟು ಏರುಪೇರಾದರೂ ತಾರೀಕು ಅಂಚಿಗೆ ಬೀಳುತ್ತದೆ ಅಥವಾ ಟಿಕೆಟ್ ಸಿಕ್ಕಿಕೊಳ್ಳುತ್ತದೆ. ಇಂಥ ಯಂತ್ರ ಅಲ್ಲಾಡದಿದ್ದರೆ ಕಾರಣ ಬಹುತೇಕ ತುಕ್ಕಲ್ಲ, ಒಣಗಿ ಗೋಂದಾದ ಹಳೆಯ ಎಣ್ಣೆ ಮತ್ತು ಶಾಯಿ. ವೈಟ್ ಸ್ಪಿರಿಟ್ಟು (ಮಿನರಲ್ ಟರ್ಪೆಂಟೈನ್), ಮೆದು ಬ್ರಷ್ಷು, ತಾಳ್ಮೆ, ಇಷ್ಟೇ ಬೇಕು. ಅಚ್ಚಿನ ಅಂಕಿಗಳನ್ನು ವೈರ್ ಬ್ರಷ್ಷಿನಿಂದ ಉಜ್ಜಬೇಡಿ.

ಟೋಕನ್ ಯಂತ್ರಗಳಲ್ಲಿ ವಿದ್ಯುತ್ ಸುರುಳಿಗಳಿರುತ್ತವೆ, ತಂತಿಗೆ ಸುತ್ತಿರುವುದು ಹತ್ತಿ ಅಥವಾ ರೇಷ್ಮೆ ನೂಲು. ಯಾವ ದ್ರವದಲ್ಲೂ ಅದ್ದುವಂತಿಲ್ಲ. ತೂಕದ ಯಂತ್ರದಲ್ಲಿ ಕತ್ತಿಯಂಚಿನಂಥ ಉಕ್ಕಿನ ಆಧಾರಗಳೇ ಜೀವ. ಅವನ್ನು ಅರ ಹಾಕಿ "ಚೂಪು" ಮಾಡಿದರೆ ತೋಳಿನ ಅಳತೆಯೇ ಬದಲಾಗಿ ತೂಕ ತಪ್ಪುತ್ತದೆ. ಎಣ್ಣೆಯನ್ನೂ ಹಾಕಬಾರದು, ಧೂಳು ಹಿಡಿಯುತ್ತದೆ. ಗಡಿಯಾರದ ಸ್ಪ್ರಿಂಗನ್ನು ಕೀಲಿ ಹಿಡಿದು ಪೂರ್ತಿ ಸಡಿಲಿಸುವವರೆಗೆ ಒಂದು ಸ್ಕ್ರೂ ಕೂಡ ಮುಟ್ಟಬೇಡಿ, ಸ್ಪ್ರೇ ಎಣ್ಣೆಯನ್ನಂತೂ ಹತ್ತಿರ ತರಬೇಡಿ.

ಸ್ಟೇಷನ್ ಸಾಮಾನಿನಲ್ಲಿ ಸ್ವಲ್ಪ ಗಡುಸಾದ ಸಂಗತಿಗಳೂ ಇವೆ: ಲಿವರ್ ಫ್ರೇಮಿನ (ಸಿಗ್ನಲ್ ಎಳೆಯುವ ಸನ್ನೆಗಳ ಚೌಕಟ್ಟಿನ) ಭಾಗ, ಬೀಗ, ಕೊಕ್ಕೆ, ಬೀಡುಕಬ್ಬಿಣದ ಬೋರ್ಡು. ಬೀಡುಕಬ್ಬಿಣ ಪೆಟ್ಟಿಗೆ ಚಕ್ಕೆ ಏಳುತ್ತದೆ, ಉಬ್ಬಕ್ಷರದ ಅಂಚು ಮೊದಲು ಹೋಗುತ್ತದೆ. ಇವಕ್ಕೆ ವಿದ್ಯುದ್ವಿಭಜನೆಯ ತೊಟ್ಟಿ ಅಗ್ಗದ ಒಳ್ಳೆಯ ದಾರಿ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಲೀಟರ್ ನೀರಿಗೆ 10–15 ಗ್ರಾಂ ವಾಷಿಂಗ್ ಸೋಡಾ, 12 ವೋಲ್ಟ್ ಡಿಸಿ, ವಸ್ತುವಿಗೆ ಋಣ ತಂತಿ, ಸುತ್ತ ನಿಲ್ಲಿಸಿದ ಸಾದಾ ಉಕ್ಕಿನ ತುಂಡುಗಳಿಗೆ ಧನ ತಂತಿ. ಸುತ್ತ ಅಂದರೆ ಸುತ್ತಲೂ. ಎದುರಿಗೆ ಕಾಣುವ ಮುಖವೇ ಚೆನ್ನಾಗಿ ಸ್ವಚ್ಛವಾಗುವುದು. ಸ್ಟೇನ್‌ಲೆಸ್ ತುಂಡು ಹಾಕಿದರೆ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ, ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಬರುತ್ತದೆ. ಏಳುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಬಯಲಲ್ಲೇ ಇಡಿ. ವಸ್ತು ತೆಗೆಯುವ ಮುಂಚೆ ಕರೆಂಟು ಆರಿಸಿ. ಸ್ಪ್ರಿಂಗುಗಳನ್ನು ಇದರಲ್ಲಿ ಹಾಕಬೇಡಿ, ಹೈಡ್ರೋಜನ್ ಒಳಸೇರಿ ಉಕ್ಕು ಗಾಜಿನಂತೆ ಮುರಿಯುತ್ತದೆ. ಅಂದಹಾಗೆ, ಈಗಿನ "ಸ್ಮಾರ್ಟ್" ಬ್ಯಾಟರಿ ಚಾರ್ಜರುಗಳು ಎದುರಿಗೆ ಬ್ಯಾಟರಿ ಇಲ್ಲವೆಂದು ತಿಳಿದು ಚಾಲೂ ಆಗುವುದೇ ಇಲ್ಲ. ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಹುಡುಕಿ.

ಬದಲಿ ಆಯ್ಕೆಗಳು, ಬಿಡಿಭಾಗ

ಗ್ರೈಂಡರಿಗೆ ಹಾಕುವ ವೈರ್ ಕಪ್ ಬ್ರಷ್ ಚಪ್ಪಟೆ ಮೇಲ್ಮೈಯಲ್ಲಿ ವೇಗ, ಆದರೆ ತಂತಿ ಮುರಿದು ಹಾರುತ್ತದೆ, ಅಂಚಿಗೆ ಸಿಕ್ಕಿ ಯಂತ್ರ ಒದೆಯುತ್ತದೆ. ಸಣ್ಣ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ, ದೊಡ್ಡ ಕಪ್ ಬ್ರಷ್ಷುಗಳಲ್ಲಿ ಎಷ್ಟೋ 8,500ಕ್ಕಷ್ಟೇ ತಡೆಯುವಂಥವು. ಹೊಂದಿಸಿ ನೋಡಿಯೇ ಕೊಳ್ಳಿ. ಕಣ್ಣಿಗೆ ಕನ್ನಡಕ ಸಾಲದು, ಮುಖ ಮುಚ್ಚುವ ಶೀಲ್ಡ್ ಬೇಕು.

ಬ್ಲಾಸ್ಟಿಂಗ್ ಮಾಡಿಸಿದರೆ ಫಲಿತಾಂಶ ಇದೆಲ್ಲಕ್ಕಿಂತ ಮೇಲು, ಅದರಲ್ಲಿ ವಾದವಿಲ್ಲ. ಆದರೆ ಮರದ ಮೈ ಬಿಚ್ಚಿ, ಚಕ್ರ ಹೊರತೆಗೆದು, ಬರೀ ಚೌಕಟ್ಟು ಉಳಿದಿರುವ ಹಂತದಲ್ಲಿ ಮಾತ್ರ ಅದು ಸೂಕ್ತ. ಗಾರ್ನೆಟ್ ಅಥವಾ ಸ್ಲ್ಯಾಗ್ ಬಳಸುವವರನ್ನೇ ಕರೆಸಿ, ಮರಳು ಬಳಸುವವರಿಂದ ದೂರವಿರಿ: ಸಿಲಿಕಾ ಧೂಳು ಶ್ವಾಸಕೋಶವನ್ನು ಗುಣವಾಗದಂತೆ ಹಾಳುಮಾಡುತ್ತದೆ.

ನೀಡಲ್ ಗನ್ನಿನ ಬಿಡಿಭಾಗವೆಂದರೆ ಮುಖ್ಯವಾಗಿ ಸೂಜಿಗಳು. ಕುಟ್ಟಿ ಕುಟ್ಟಿ ಸವೆದು ಗಿಡ್ಡವಾಗುತ್ತವೆ, ತಲೆಯ ಬಳಿ ಮುರಿಯುತ್ತವೆ. ಮುರಿದ ಒಂದೆರಡನ್ನು ಮಾತ್ರ ಬದಲಿಸಿದರೆ ಉದ್ದದವು ಪೆಟ್ಟನ್ನೆಲ್ಲ ತಾವೇ ತಿಂದು ಬೇಗ ಮುರಿಯುತ್ತವೆ, ಆದ್ದರಿಂದ ಇಡೀ ಸೆಟ್ ಬದಲಿಸಿ. ಸಾಮಾನ್ಯ ಉದ್ದ 180 ಮಿ.ಮೀ., ದಪ್ಪ 3 ಮಿ.ಮೀ.; ಈ ಅಳತೆ ಬಳಸುವ ಮಾದರಿಯನ್ನೇ ಕೊಂಡರೆ ಸೆಟ್ ಯಾವ ಕಂಪನಿಯದ್ದಾದರೂ ನಡೆಯುತ್ತದೆ. ತನ್ನದೇ ವಿಚಿತ್ರ ಅಳತೆಯ ಸೂಜಿ ಬೇಡುವ ಮಾದರಿ ಎಷ್ಟೇ ಅಗ್ಗವಿದ್ದರೂ ಬೇಡ. ಕೆಲಸ ಮುಗಿದ ಮೇಲೆ ಮೂತಿ ಬಿಚ್ಚಿ, ಸೂಜಿ ಹಿಡಿಯುವ ತೂತುಗಳಲ್ಲಿ ಸೇರಿದ ತುಕ್ಕಿನ ಪುಡಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಹನಿಸಿ, ಎರಡು ಸೆಕೆಂಡು ಓಡಿಸಿ ಎತ್ತಿಡಿ. ಮುಂದಿನ ವಾರ ಸೂಜಿ ಹೊರಬರುತ್ತಿಲ್ಲವೆಂದರೆ ಈ ಹಂತವನ್ನು ಯಾರೋ ಬಿಟ್ಟಿದ್ದಾರೆ ಎಂದೇ ಅರ್ಥ.